ಪರದೆಯಿಂದ ಹಾರಿದ ಹಕ್ಕಿ ನಿಮ್ಮ ಮಗುವಿಗೆ ಕಾಣಿಸಿತೇ?

ದಸರಾ ರಜೆ. ಕಡಬದ ಕಡೆಯ ಒಂದು ಕುಟುಂಬ ಮಂಗಳೂರಿಗೆ ಹೋಗಿ ತ್ರೀ-ಡಿ ಸಿನಿಮಾಕ್ಕೆ ಕುಳಿತಿದೆ ಎಂದು ಊಹಿಸಿಕೊಳ್ಳಿ. ಬಾಗಿಲಲ್ಲಿ ಕೊಟ್ಟ ಕಪ್ಪು ಕನ್ನಡಕ ಎಲ್ಲರ ಮೂಗಿನ ಮೇಲಿದೆ. ಪರದೆಯೊಳಗಿನ ಹಕ್ಕಿಯೊಂದು ರೆಕ್ಕೆ ಬಡಿಯುತ್ತ ನೇರ ಪ್ರೇಕ್ಷಕರ ಮುಖದತ್ತಲೇ ಹಾರಿ ಬರುತ್ತದೆ. ಅಮ್ಮ ತಲೆ ತಗ್ಗಿಸುತ್ತಾರೆ. ಅಕ್ಕ ಕೈಚಾಚಿ ಹಿಡಿಯಲು ಹೋಗುತ್ತಾಳೆ. ಎರಡನೇ ತರಗತಿಯ ತಮ್ಮ ಮಾತ್ರ ಅತ್ತಿತ್ತ ನೋಡುತ್ತಾನೆ.

"ಎಲ್ಲಿ ಅಪ್ಪಾ? ನನಗೆ ಎಂಥದೂ ಕಾಣುದಿಲ್ಲ."

"ಕನ್ನಡಕ ಸರಿ ಹಾಕು ಮಾರಾಯ" ಎನ್ನುತ್ತಾರೆ ಅಪ್ಪ. ಹುಡುಗ ಕನ್ನಡಕವನ್ನು ಮೇಲೆ ತಳ್ಳಿ ಮತ್ತೆ ನೋಡುತ್ತಾನೆ. ಅರ್ಧ ಗಂಟೆಯಲ್ಲಿ ತಲೆನೋವು ಎಂದು ಕನ್ನಡಕ ಕಳಚಿ ಅಮ್ಮನ ಮಡಿಲಿಗೆ ಒರಗುತ್ತಾನೆ. ಮನೆಗೆ ಬಂದ ಮೇಲೆ ಅಜ್ಜಿಯ ತೀರ್ಪು ಸಿದ್ಧ: "ಆ ಹಾಳು ಕನ್ನಡಕದಿಂದಲೇ ಮಗುವಿನ ಕಣ್ಣು ಕೆಟ್ಟದ್ದು!"

ನಿಜವಾಗಿ ಕೆಟ್ಟದ್ದು ಏನು? ಕನ್ನಡಕವೇ, ಸಿನಿಮಾವೇ, ಅಥವಾ ಸಿನಿಮಾಕ್ಕೆ ಹೋಗುವ ಮೊದಲೇ ಹುಡುಗನ ಕಣ್ಣಿನಲ್ಲಿ ಏನಾದರೂ ತೊಂದರೆ ಇತ್ತೇ? ಮಕ್ಕಳನ್ನು ತ್ರೀ-ಡಿ ಚಿತ್ರಕ್ಕೆ ಕರೆದೊಯ್ಯುವ ಪ್ರತಿಯೊಬ್ಬ ತಂದೆ-ತಾಯಿಯೂ ಈ ಪ್ರಶ್ನೆಗೆ ಉತ್ತರ ತಿಳಿದಿರುವುದು ಒಳ್ಳೆಯದು. ಏಕೆಂದರೆ ಈ ಕನ್ನಡಕ ಕಣ್ಣನ್ನು ಕೆಡಿಸುವುದಕ್ಕಿಂತ ಹೆಚ್ಚಾಗಿ, ಕೆಟ್ಟ ಕಣ್ಣನ್ನು ತೋರಿಸಿಕೊಡುತ್ತದೆ.

ಎರಡು ಕಣ್ಣು, ಎರಡು ಚಿತ್ರ

ಒಂದು ಸಣ್ಣ ಪ್ರಯೋಗ ಮಾಡಿ. ಹೆಬ್ಬೆರಳನ್ನು ಮುಖದ ಮುಂದೆ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಒಮ್ಮೆ ಎಡಗಣ್ಣು ಮುಚ್ಚಿ, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಗೋಡೆಯ ಮೇಲಿನ ಕ್ಯಾಲೆಂಡರಿನ ಈ ಬದಿಯಿಂದ ಆ ಬದಿಗೆ ಜಿಗಿದಂತೆ ಕಾಣುತ್ತದೆ. ವಯಸ್ಕರ ಎರಡು ಕಣ್ಣುಗಳ ನಡುವೆ ಸರಾಸರಿ 63 ಮಿಲಿಮೀಟರ್ ಅಂತರವಿದೆ. ಮಕ್ಕಳಲ್ಲಿ ಇದು ಇನ್ನೂ ಕಡಿಮೆ. ಈ ಅಂತರದಿಂದಾಗಿ ಎಡಗಣ್ಣು ಕಂಡ ಚಿತ್ರ ಬೇರೆ, ಬಲಗಣ್ಣು ಕಂಡದ್ದು ಬೇರೆ. ಮಿದುಳು ಇವೆರಡನ್ನೂ ಒಂದಾಗಿಸಿ, ಅವುಗಳ ನಡುವಿನ ಸಣ್ಣ ವ್ಯತ್ಯಾಸದಿಂದಲೇ 'ಇದು ಹತ್ತಿರ, ಅದು ದೂರ' ಎಂದು ಲೆಕ್ಕ ಹಾಕುತ್ತದೆ. ಇದೇ ಆಳದ ನೋಟ.

ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಈ ಆಳದ ನೋಟಕ್ಕೆ ದಿನವೂ ಕೆಲಸವಿದೆ. ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರ ಬೆರಳು ಕತ್ತಿಯ ಮೊನೆಗೆ ಎಷ್ಟು ಹತ್ತಿರ ಹೋಗಬಹುದು ಎಂದು ಹೇಳುವುದು ಈ ನೋಟ. ನಸುಕಿನಲ್ಲಿ ತಲೆಗೆ ಲೈಟು ಕಟ್ಟಿಕೊಂಡು ರಬ್ಬರ್ ಮರದ ತೊಗಟೆಯನ್ನು ತೆಳ್ಳಗೆ ಕೆತ್ತುವಾಗ, ಮರಕ್ಕೆ ಗಾಯವಾಗದಂತೆ ಕೈಯನ್ನು ತಡೆಯುವುದೂ ಇದೇ. ಮಳೆಗಾಲದಲ್ಲಿ ಕಾಲುಸಂಕ ದಾಟುವ ಮಗು ಮುಂದಿನ ಹೆಜ್ಜೆ ಇಡುವುದು, ಶಾಲೆಯ ಅಂಗಳದಲ್ಲಿ ವಾಲಿಬಾಲ್ ಎತ್ತುವುದು, ಸೂಜಿಗೆ ನೂಲು ಪೋಣಿಸುವುದು ಎಲ್ಲದರಲ್ಲೂ ಎರಡು ಕಣ್ಣುಗಳ ಈ ಒಪ್ಪಂದ ದುಡಿಯುತ್ತಿರುತ್ತದೆ.

ಈ ಗುಟ್ಟನ್ನು ಮೊದಲು ಯಂತ್ರವೊಂದರಲ್ಲಿ ತೋರಿಸಿದವರು ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್. 1838ರಲ್ಲಿ ಅವರು ಒಂದೇ ವಸ್ತುವನ್ನು ಎಡಗಣ್ಣು ಕಂಡಂತೆ ಒಂದು, ಬಲಗಣ್ಣು ಕಂಡಂತೆ ಇನ್ನೊಂದು ಚಿತ್ರ ಬರೆದರು. ಎರಡು ಕನ್ನಡಿಗಳ ಸಹಾಯದಿಂದ ಒಂದೊಂದನ್ನು ಒಂದೊಂದೇ ಕಣ್ಣಿಗೆ ಕಾಣುವಂತೆ ಮಾಡಿದಾಗ, ಚಪ್ಪಟೆ ಗೆರೆಗಳು ಘನವಸ್ತುವಾಗಿ ಎದ್ದು ನಿಂತವು. ಆ ಉಪಕರಣಕ್ಕೆ ಅವರಿಟ್ಟ ಹೆಸರು ಸ್ಟೀರಿಯೋಸ್ಕೋಪ್. ಅಂದಿನಿಂದ ಇಂದಿನವರೆಗೆ ಎಲ್ಲ ತ್ರೀ-ಡಿ ತಂತ್ರಗಳ ತಿರುಳು ಇಷ್ಟೇ: ಎಡಗಣ್ಣಿಗೆ ಎಡದ ಚಿತ್ರ, ಬಲಗಣ್ಣಿಗೆ ಬಲದ ಚಿತ್ರ, ಒಂದರದ್ದು ಇನ್ನೊಂದಕ್ಕೆ ಸೇರಬಾರದು.

ಜಾತ್ರೆಯ ಸಂತೆಯಲ್ಲಿ ಕಣ್ಣಿಗೆ ಹಿಡಿದು ನೋಡುವ ಪ್ಲಾಸ್ಟಿಕ್ ಡಬ್ಬಿಗಳನ್ನು ಕಂಡವರು ಇಲ್ಲೊಂದು ವ್ಯತ್ಯಾಸ ಗಮನಿಸಬಹುದು. ಒಂದೇ ಕಿಂಡಿಯ ಅಗ್ಗದ ಡಬ್ಬಿಯಲ್ಲಿ ಕಾಣುವುದು ಬರೇ ಚಪ್ಪಟೆ ಫೋಟೋ. ಆದರೆ 1939ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಗಿ ಪ್ರಪಂಚವೆಲ್ಲ ಸುತ್ತಿದ ವ್ಯೂ-ಮಾಸ್ಟರ್‌ನ ವೃತ್ತಾಕಾರದ ರೀಲಿನಲ್ಲಿ 7 ದೃಶ್ಯಗಳಿಗೆ 14 ಚಿತ್ರಗಳಿರುತ್ತವೆ. ಪ್ರತಿ ಕಣ್ಣಿಗೂ ಅದರದೇ ಚಿತ್ರ. ಅದಕ್ಕೇ ಅಲ್ಲಿ ಬೆಟ್ಟ ಹಿಂದೆ ಸರಿಯುತ್ತದೆ, ಮರ ಮುಂದೆ ಬರುತ್ತದೆ.

ಚಂದ್ರನಿಂದ ಬಂದ ಕೆಂಪು-ನೀಲಿ ಚಿತ್ರ

ಡಬ್ಬಿಯಲ್ಲಿ ಒಬ್ಬರು ನೋಡಬಹುದು. ಚಿತ್ರಮಂದಿರದಲ್ಲಿ ನೂರಾರು ಜನ ಒಂದೇ ಪರದೆ ನೋಡುತ್ತಾರೆ. ಒಂದೇ ಪರದೆಯ ಮೇಲೆ ಬಿದ್ದ ಎರಡು ಚಿತ್ರಗಳನ್ನು ಬೇರ್ಪಡಿಸಿ ಕಣ್ಣಿಗೆ ಹಂಚುವ ಕೆಲಸ ಕನ್ನಡಕದ್ದು. ಇದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಬಣ್ಣದ ದಾರಿ. ಒಂದು ಗಾಜು ಕೆಂಪು, ಇನ್ನೊಂದು ಹಸಿರು ಬೆರೆತ ನೀಲಿ. ಇದಕ್ಕೆ ಬಹಳ ಹತ್ತಿರದ ಉದಾಹರಣೆ ಇದೆ. 2023ರ ಸೆಪ್ಟೆಂಬರ್ 5ರಂದು ಇಸ್ರೋ ಸಂಸ್ಥೆ ಚಂದ್ರಯಾನ-3ರ ವಿಕ್ರಮ್ ನೌಕೆಯ ಇಂಥದೊಂದು ಚಿತ್ರ ಬಿಡುಗಡೆ ಮಾಡಿತು. ಪ್ರಗ್ಯಾನ್ ರೋವರ್‌ನ ಮುಂಭಾಗದಲ್ಲಿದ್ದ ಜೋಡಿ ಕ್ಯಾಮರಾ ಎರಡು ಕಣ್ಣುಗಳಂತೆ ಎಡ-ಬಲದ ಚಿತ್ರ ತೆಗೆದಿತ್ತು. ಆ ಕ್ಯಾಮರಾವನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. ಎಡದ ಚಿತ್ರವನ್ನು ಕೆಂಪಿನಲ್ಲಿ, ಬಲದ್ದನ್ನು ನೀಲಿ-ಹಸಿರಿನಲ್ಲಿ ಒಂದರ ಮೇಲೊಂದು ಇರಿಸಲಾಗಿತ್ತು. ಬರಿಗಣ್ಣಿಗೆ ಅದು ಅಚ್ಚು ತಪ್ಪಿದ ಚಿತ್ರದಂತೆ ಕಾಣುತ್ತದೆ. ಎಡಗಣ್ಣಿಗೆ ಕೆಂಪು, ಬಲಗಣ್ಣಿಗೆ ನೀಲಿ ಹಾಳೆ ಹಿಡಿದರೆ ನೌಕೆ ಚಂದ್ರನ ನೆಲದಿಂದ ಎದ್ದು ನಿಲ್ಲುತ್ತದೆ.

ಇದನ್ನು ವಿದ್ಯಾರ್ಥಿಗಳು ಮನೆಯಲ್ಲೇ ಮಾಡಿ ನೋಡಬಹುದು. ಹಳೆಯ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಕನ್ನಡಕದ ಆಕಾರ ಕತ್ತರಿಸಿ, ಅಂಗಡಿಯಲ್ಲಿ ಸಿಗುವ ಕೆಂಪು ಮತ್ತು ನೀಲಿ ಪಾರದರ್ಶಕ ಹಾಳೆ ಅಂಟಿಸಿದರೆ ಸಾಕು. ಆದರೆ ಒಂದು ಎಚ್ಚರಿಕೆ: ಈ ಕನ್ನಡಕದಲ್ಲಾಗಲಿ, ಸಿನಿಮಾದ ತ್ರೀ-ಡಿ ಕನ್ನಡಕದಲ್ಲಾಗಲಿ ಸೂರ್ಯನನ್ನು, ಗ್ರಹಣವನ್ನು ಎಂದಿಗೂ ನೋಡಬಾರದು. ಅಲ್ಲಿ ಅಕ್ಷಿಪಟ ಸುಟ್ಟೇ ಹೋದೀತು.

ಎರಡನೆಯದು ಇಂದಿನ ಬಹುತೇಕ ಚಿತ್ರಮಂದಿರಗಳ ದಾರಿ. ಕಿಟಕಿಯ ನೇರ ಸರಳುಗಳ ಎಡೆಯಿಂದ ಒಂದು ಅಡಿಕೋಲನ್ನು ಹೊರಗೆ ಹಾಕಬೇಕು. ನೆಟ್ಟಗೆ ಹಿಡಿದರೆ ಹೋಗುತ್ತದೆ, ಅಡ್ಡ ಹಿಡಿದರೆ ತಡೆಯುತ್ತದೆ. ಬೆಳಕಿನ ಅಲೆಗಳಿಗೂ ಇಂಥ ದಿಕ್ಕು ಕೊಡಬಹುದು. ಎಡದ ಚಿತ್ರದ ಬೆಳಕಿಗೆ ಒಂದು ದಿಕ್ಕು, ಬಲದ್ದಕ್ಕೆ ಇನ್ನೊಂದು. ಕನ್ನಡಕದ ಒಂದೊಂದು ಗಾಜು ಒಂದೊಂದು ದಿಕ್ಕಿನ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಇದು ಪೋಲರೈಸ್ಡ್ ಕನ್ನಡಕ. ಭಾರತದ ಮೊದಲ ತ್ರೀ-ಡಿ ಚಿತ್ರ, 1984ರ ಆಗಸ್ಟ್‌ನಲ್ಲಿ ತೆರೆಕಂಡ ಮಲಯಾಳದ 'ಮೈ ಡಿಯರ್ ಕುಟ್ಟಿಚ್ಚಾತ್ತನ್' ಬಂದದ್ದು ಇದೇ ದಾರಿಯಲ್ಲಿ. ನವೋದಯ ಅಪ್ಪಚ್ಚನ್ ನಿರ್ಮಿಸಿ ಅವರ ಪುತ್ರ ಜಿಜೋ ನಿರ್ದೇಶಿಸಿದ ಆ ಚಿತ್ರ ಮುಂದೆ ಹಿಂದಿಯಲ್ಲಿ 'ಛೋಟಾ ಚೇತನ್' ಆಯಿತು. ಕನ್ನಡದಲ್ಲಿ 2012ರ 'ಕಠಾರಿವೀರ ಸುರಸುಂದರಾಂಗಿ', 2019ರ 'ಕುರುಕ್ಷೇತ್ರ', 2022ರ 'ವಿಕ್ರಾಂತ್ ರೋಣ' ಚಿತ್ರಗಳು ತ್ರೀ-ಡಿಯಲ್ಲಿ ಬಂದವು.

ಮೂರನೆಯದು ಬ್ಯಾಟರಿ ಇರುವ ಕನ್ನಡಕ. ಪರದೆ ಎಡದ ಚಿತ್ರ ತೋರಿಸುವಾಗ ಬಲಗಣ್ಣಿನ ಗಾಜು ಕಪ್ಪಾಗುತ್ತದೆ, ಬಲದ್ದು ತೋರಿಸುವಾಗ ಎಡದ್ದು. ಸೆಕೆಂಡಿಗೆ ಹತ್ತಾರು ಬಾರಿ ಹೀಗೆ ಬಾಗಿಲು ಮುಚ್ಚಿ ತೆರೆಯುವುದು ನಮ್ಮ ಅರಿವಿಗೇ ಬರುವುದಿಲ್ಲ.

ಚಿತ್ರ ಮಂಕಾಗುವುದೇಕೆ?

ತ್ರೀ-ಡಿ ಸಿನಿಮಾ ನೋಡಿ ಬಂದವರ ಸಾಮಾನ್ಯ ದೂರು "ಎಲ್ಲವೂ ಕತ್ತಲೆ ಕತ್ತಲೆ". ದೂರಿನಲ್ಲಿ ಸತ್ಯವಿದೆ. ಪೋಲರೈಸ್ಡ್ ಗಾಜು ತನ್ನ ದಿಕ್ಕಿಗೆ ಸೇರದ ಬೆಳಕನ್ನೆಲ್ಲ ತಡೆಯುತ್ತದೆ. ಪ್ರೊಜೆಕ್ಟರಿನ ಮುಂದೆ ಒಮ್ಮೆ, ಕಣ್ಣಿನ ಮುಂದೆ ಇನ್ನೊಮ್ಮೆ ಬೆಳಕು ಸೋಸಿ ಬರಬೇಕು. ಒಂದೇ ಪ್ರೊಜೆಕ್ಟರ್ ಎಡ-ಬಲದ ಚಿತ್ರಗಳನ್ನು ಸರದಿಯಂತೆ ತೋರಿಸುವಲ್ಲಿ ಪ್ರತಿ ಕಣ್ಣಿಗೂ ಸಿಗುವುದು ಅರ್ಧ ಹೊತ್ತಿನ ಬೆಳಕು. ಡಿಜಿಟಲ್ ಚಿತ್ರಮಂದಿರದ ಸಾಮಾನ್ಯ ಪರದೆಗೆ ನಿಗದಿಯಾದ ಪ್ರಕಾಶ 14 ಫುಟ್‌ಲ್ಯಾಂಬರ್ಟ್. ತ್ರೀ-ಡಿಯಲ್ಲಿ ಕನ್ನಡಕದೊಳಗಿನ ಕಣ್ಣಿಗೆ ಸಾಮಾನ್ಯವಾಗಿ ತಲಪುವುದು 4.5ರ ಆಸುಪಾಸು. ಅಂದರೆ ಸುಮಾರು ಮೂರನೇ ಒಂದು ಭಾಗ. ಕಾಡು, ಮಳೆ, ರಾತ್ರಿಯ ದೃಶ್ಯಗಳು ತುಂಬಿದ ಚಿತ್ರವಾದರೆ ಈ ಮಂಕು ಇನ್ನಷ್ಟು ಎದ್ದು ಕಾಣುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಬೆಳಕು ಕಡಿಮೆಯಾದಾಗ ಕಣ್ಣಿನ ಪಾಪೆ ಅಗಲವಾಗುತ್ತದೆ. ಪಾಪೆ ಅಗಲವಾದಷ್ಟೂ ಕಣ್ಣಿನ ಸಣ್ಣ ದೋಷವೂ ದೊಡ್ಡದಾಗಿ, ಚಿತ್ರ ಹೆಚ್ಚು ಮಸುಕಾಗುತ್ತದೆ. ಹಗಲಿನಲ್ಲಿ ಹೇಗೋ ಸುಧಾರಿಸುತ್ತಿದ್ದ ಮಗು ಚಿತ್ರಮಂದಿರದಲ್ಲಿ "ಮಂಜು ಮಂಜು" ಎಂದರೆ, ಅದಕ್ಕೆ ಪರದೆಯೊಂದೇ ಕಾರಣವಾಗಬೇಕಿಲ್ಲ.

ಎರಡನೇ ದೂರು ನೆರಳಿನದ್ದು. ಒಬ್ಬನ ಮುಖದ ಪಕ್ಕ ಇನ್ನೊಂದು ಮಬ್ಬು ಮುಖ ಇಣುಕಿದಂತೆ ಕಾಣುವುದು. ಎಡದ ಚಿತ್ರದ ಸ್ವಲ್ಪ ಬೆಳಕು ಬಲಗಣ್ಣಿಗೆ ಸೋರಿದಾಗ ಹೀಗಾಗುತ್ತದೆ. ಹಳೆಯ ಮಾದರಿಯ ಪೋಲರೈಸ್ಡ್ ಕನ್ನಡಕದಲ್ಲಿ ತಲೆ ಓರೆಯಾದರೆ ಸಾಕು, ಅಡಿಕೋಲು ಓರೆಯಾದಂತೆ ಲೆಕ್ಕ ತಪ್ಪುತ್ತಿತ್ತು. ಬೆಳಕಿಗೆ ಸುರುಳಿಯ ದಿಕ್ಕು ಕೊಡುವ ಹೊಸ ಕನ್ನಡಕಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಹಾಗಿದ್ದರೂ ಅಕ್ಕನ ಹೆಗಲಿಗೆ ತಲೆ ಒರಗಿಸಿ ನೋಡಿದರೆ ಎರಡು ಚಿತ್ರಗಳು ಮೇಲೆ-ಕೆಳಗಾಗಿ, ಕಣ್ಣಿಗೆ ಅವುಗಳನ್ನು ಸೇರಿಸುವ ಕೆಲಸ ಕಷ್ಟವಾಗುತ್ತದೆ. ನೇರ ಕುಳಿತೇ ನೋಡಬೇಕು.

ಕೆಂಪು-ನೀಲಿ ಕನ್ನಡಕದಲ್ಲಿ ಬಣ್ಣವೇ ಬಲಿಯಾಗುತ್ತದೆ. ಒಂದು ಕಣ್ಣಿಗೆ ಕೆಂಪು ಲೋಕ, ಇನ್ನೊಂದಕ್ಕೆ ನೀಲಿ ಲೋಕ. ಯಾವುದನ್ನು ನಂಬಬೇಕೆಂದು ತಿಳಿಯದೆ ಮಿದುಳು ಒಮ್ಮೆ ಇದನ್ನು, ಒಮ್ಮೆ ಅದನ್ನು ಹಿಡಿಯುತ್ತದೆ. ಹಾಗಾಗಿ ಐದು ನಿಮಿಷ ಒಂದು ಚಿತ್ರ ನೋಡಲು ಚಂದ, ಮೂರು ಗಂಟೆಯ ಸಿನಿಮಾಕ್ಕೆ ತಕ್ಕದ್ದಲ್ಲ.

2010ರ ಸುಮಾರಿಗೆ ಅಂಗಡಿಗೆ ಬಂದ ತ್ರೀ-ಡಿ ಟಿವಿಗಳ ಕಥೆಯೂ ಇಂಥದ್ದೇ. ಪೋಲರೈಸ್ಡ್ ಕನ್ನಡಕ ಬೇಕಾಗುವ ಟಿವಿಯಲ್ಲಿ 1080 ಗೆರೆಗಳ ಚಿತ್ರ ಎರಡು ಕಣ್ಣಿಗೆ ಪಾಲಾಗಿ, ತಲಾ 540 ಗೆರೆ ಉಳಿಯುತ್ತಿತ್ತು. ಮನೆಮಂದಿಗೆಲ್ಲ ಕನ್ನಡಕ ಹುಡುಕುವ ತಾಪತ್ರಯ ಬೇರೆ. 2017ರ ಹೊತ್ತಿಗೆ ದೊಡ್ಡ ಕಂಪೆನಿಗಳೆಲ್ಲ ಅಂಥ ಟಿವಿಯ ಆಸೆ ಬಿಟ್ಟವು.

ಈಗಾಗಲೇ ಕನ್ನಡಕ ಧರಿಸುವ ಮಕ್ಕಳು ಏನು ಮಾಡಬೇಕು? ಹಲವರು ತಮ್ಮ ಕನ್ನಡಕ ತೆಗೆದಿಟ್ಟು ತ್ರೀ-ಡಿ ಕನ್ನಡಕ ಹಾಕಿಕೊಳ್ಳುತ್ತಾರೆ. ಇದು ತಪ್ಪು. ತ್ರೀ-ಡಿ ಕನ್ನಡಕಕ್ಕೆ ಯಾವ ಪವರೂ ಇಲ್ಲ. ತಮ್ಮ ಕನ್ನಡಕದ ಮೇಲೆಯೇ ಅದನ್ನು ಧರಿಸಬೇಕು. ಎರಡು ಕಣ್ಣಿಗೂ ಸ್ಪಷ್ಟ ಚಿತ್ರ ಬಿದ್ದರೆ ಮಾತ್ರ ಮಿದುಳಿಗೆ ಅವನ್ನು ಹೊಂದಿಸಲು ಸಾಧ್ಯ.

ಕಣ್ಣಿಗೆ ಹಾನಿಯೇ?

ತ್ರೀ-ಡಿ ಕನ್ನಡಕದ ಮೇಲಿನ ಭಯ ಹೊಸತಲ್ಲ. 'ಕುಟ್ಟಿಚ್ಚಾತ್ತನ್' ಓಡುತ್ತಿದ್ದಾಗಲೇ, ಆ ಕನ್ನಡಕದಿಂದ 'ಮದ್ರಾಸ್ ಐ' ಎಂದು ಹೆಸರಾದ ಕೆಂಗಣ್ಣು ಬೇನೆ ಹರಡುತ್ತದೆ ಎಂಬ ಸುದ್ದಿ ಹಬ್ಬಿತ್ತು. ಒಬ್ಬರು ಹಾಕಿದ ಕನ್ನಡಕವನ್ನೇ ಮುಂದಿನ ಆಟಕ್ಕೆ ಇನ್ನೊಬ್ಬರಿಗೆ ಕೊಡುವಾಗ ಜನ ಹೆದರಿದ್ದು ಸಹಜ. ಕೊನೆಗೆ ಚಿತ್ರತಂಡ ಪ್ರೇಮ್ ನಜೀರ್, ಅಮಿತಾಭ್ ಬಚ್ಚನ್, ರಜನೀಕಾಂತ್, ಚಿರಂಜೀವಿಯಂಥ ತಾರೆಯರನ್ನು ಚಿತ್ರದ ಆರಂಭದಲ್ಲೇ ತೋರಿಸಿ, ಪ್ರತಿ ಬಾರಿಯೂ ಕನ್ನಡಕವನ್ನು ಶುದ್ಧಗೊಳಿಸಲಾಗುತ್ತದೆ ಎಂದು ಹೇಳಿಸಬೇಕಾಯಿತು. ಆ ಭಯದಲ್ಲಿ ತಿರುಳಿಲ್ಲದೆ ಇರಲಿಲ್ಲ. ಕೆಂಗಣ್ಣು ಬೇನೆ ನೋಟದಿಂದ ಹರಡುವುದಿಲ್ಲ, ಕಣ್ಣಿನ ನೀರು ತಾಗಿದ ಕೈ, ಟವೆಲು, ಕನ್ನಡಕದಿಂದ ಹರಡುತ್ತದೆ. ಇಂದಿಗೂ ಕೈಗೆ ಬಂದ ಕನ್ನಡಕವನ್ನು ಒರೆಸಿ ಹಾಕಿಕೊಳ್ಳುವುದು, ಕಣ್ಣು ಕೆಂಪಾದ ಮಗುವನ್ನು ಸಿನಿಮಾಕ್ಕೆ ಒಯ್ಯದಿರುವುದು ಜಾಣತನ.

ಇನ್ನು ದೃಷ್ಟಿಯ ವಿಚಾರ. ತ್ರೀ-ಡಿ ನೋಡುವಾಗ ಕಣ್ಣಿಗೆ ಒಂದು ಇಕ್ಕಟ್ಟು ಎದುರಾಗುವುದು ನಿಜ. ದಿನನಿತ್ಯದಲ್ಲಿ ಕೈಯಳತೆಯ ಮಾವಿನಹಣ್ಣನ್ನು ನೋಡುವಾಗ ಕಣ್ಣು ಎರಡು ಕೆಲಸ ಒಟ್ಟಿಗೆ ಮಾಡುತ್ತದೆ: ಎರಡೂ ಗುಡ್ಡೆಗಳು ಹಣ್ಣಿನ ಕಡೆಗೆ ಒಳತಿರುಗುತ್ತವೆ, ಮಸೂರವೂ ಅದೇ ದೂರಕ್ಕೆ ಹೊಂದಿಕೊಳ್ಳುತ್ತದೆ. ಸಿನಿಮಾದಲ್ಲಿ ಹಕ್ಕಿ ಮುಖದ ಹತ್ತಿರ ಬಂದಂತೆ ಕಂಡಾಗ ಗುಡ್ಡೆಗಳು ಹತ್ತಿರಕ್ಕೆ ತಿರುಗುತ್ತವೆ. ಆದರೆ ಮಸೂರ ದೂರದ ಪರದೆಯ ಮೇಲೆಯೇ ನೆಟ್ಟಿರಬೇಕು, ಏಕೆಂದರೆ ಬೆಳಕು ಬರುತ್ತಿರುವುದು ಅಲ್ಲಿಂದ. ಹುಟ್ಟಿನಿಂದ ಜೋಡಿಯಾಗಿ ದುಡಿದ ಎರಡು ಎತ್ತುಗಳನ್ನು ಬೇರೆ ಬೇರೆ ದಿಕ್ಕಿಗೆ ಎಳೆದಂತೆ ಇದು. ಕೆಲವರಿಗೆ ಕಣ್ಣು ಸೋಲುವುದು, ತಲೆನೋವು, ವಾಕರಿಕೆ ಬರುವುದು ಈ ಕಾರಣಕ್ಕೆ. ಪರದೆ ದೂರವಿದ್ದಷ್ಟೂ ಎಳೆತ ಕಡಿಮೆ, ಹತ್ತಿರವಾದಷ್ಟೂ ಹೆಚ್ಚು. ತೀರಾ ಮುಂದಿನ ಸಾಲಿಗಿಂತ ನಡುವಿನ ಅಥವಾ ಹಿಂದಿನ ಸಾಲು ಒಳ್ಳೆಯದು. ಮೊಬೈಲನ್ನು ಒಳಗಿಟ್ಟು ಕಣ್ಣಿಗೆ ಕಟ್ಟಿಕೊಳ್ಳುವ ವಿ.ಆರ್. ಪೆಟ್ಟಿಗೆಯಲ್ಲಿ ಮಕ್ಕಳನ್ನು ಗಂಟೆಗಟ್ಟಲೆ ಬಿಡಬಾರದು ಎನ್ನುವುದಕ್ಕೂ ಇದೊಂದು ಕಾರಣ.

ಹಾಗೆಂದು ಈ ಆಯಾಸ ಶಾಶ್ವತ ಹಾನಿಯಲ್ಲ. ತ್ರೀ-ಡಿ ನೋಡಿದ್ದರಿಂದ ಆರೋಗ್ಯವಂತ ಕಣ್ಣು ಕೆಟ್ಟಿತು ಎನ್ನಲು ಆಧಾರವಿಲ್ಲವೆಂದು ಅಮೆರಿಕದ ನೇತ್ರತಜ್ಞರ ಅಕಾಡೆಮಿ ಹೇಳಿದೆ. ಕೆಲವರು ಇನ್ನಷ್ಟು ಜಾಗ್ರತೆ ವಹಿಸಿದ್ದಾರೆ. ಕನ್ನಡಕವಿಲ್ಲದೆಯೇ ತ್ರೀ-ಡಿ ಕಾಣಿಸುವ ಆಟದ ಸಾಧನ ತಂದ ಜಪಾನಿನ ನಿಂಟೆಂಡೋ ಕಂಪೆನಿ, 6 ವರ್ಷದೊಳಗಿನ ಮಕ್ಕಳಿಗೆ ತ್ರೀ-ಡಿ ಬೇಡವೆಂದು 2010ರಲ್ಲೇ ಎಚ್ಚರಿಸಿತ್ತು. ಫ್ರಾನ್ಸ್ ಸರಕಾರದ ಆರೋಗ್ಯ ಸುರಕ್ಷಾ ಸಂಸ್ಥೆ ಆನ್ಸೆಸ್ 2014ರಲ್ಲಿ, 6 ವರ್ಷದವರೆಗೆ ತ್ರೀ-ಡಿ ಬೇಡ, 13ರವರೆಗೆ ಮಿತಿಯಲ್ಲಿರಲಿ ಎಂದಿತು. ಮಕ್ಕಳ ಕಣ್ಣುಗಳ ಅಂತರ ಕಡಿಮೆ ಇರುವುದರಿಂದ ಅದೇ ಚಿತ್ರದ ಆಳ ಅವರಿಗೆ ಹೆಚ್ಚಾಗಿಯೇ ತೋರುತ್ತದೆ ಎಂಬುದೂ ಇಲ್ಲಿ ಗಮನಾರ್ಹ. ವರ್ಷಕ್ಕೆ ಒಂದೆರಡು ಸಿನಿಮಾ ನೋಡುವ ಶಾಲಾ ಬಾಲಕನಿಗೆ ಹೆದರಬೇಕಾದ್ದಿಲ್ಲ. ತಲೆನೋವು ಬಂದರೆ ಕನ್ನಡಕ ತೆಗೆದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ವಿಶ್ರಾಂತಿ ಪಡೆದರಾಯಿತು.

ಹಕ್ಕಿ ಕಾಣದ ಹುಡುಗ

ಹಾಗಾದರೆ, ಉಳಿದವರಿಗೆಲ್ಲ ಕಂಡ ಹಕ್ಕಿ ಆ ಹುಡುಗನಿಗೇಕೆ ಕಾಣಲಿಲ್ಲ? ಇಲ್ಲಿಂದಲೇ ಹೆತ್ತವರು ನಿಜವಾಗಿ ಯೋಚಿಸಬೇಕಾದ ಸಂಗತಿ ಶುರುವಾಗುವುದು.

ಕೆಲವು ಮಕ್ಕಳಿಗೆ ಒಂದು ಕಣ್ಣಿನ ಪವರು ಸರಿ ಇದ್ದು, ಇನ್ನೊಂದರದ್ದು ಬಹಳ ವ್ಯತ್ಯಾಸವಿರುತ್ತದೆ. ಕೆಲವರಿಗೆ ಮೆಳ್ಳೆಗಣ್ಣು, ಎರಡು ಕಣ್ಣುಗಳು ಒಂದೇ ಕಡೆ ನೋಡುವುದಿಲ್ಲ. ಒಂದು ಕಣ್ಣಿನಿಂದ ಸ್ಪಷ್ಟ ಚಿತ್ರ, ಇನ್ನೊಂದರಿಂದ ಮಸುಕು ಚಿತ್ರ ಬಂದರೆ ಬೆಳೆಯುವ ಮಿದುಳು ಏನು ಮಾಡುತ್ತದೆ? ಮಸುಕನ್ನು ದೂರ ತಳ್ಳಿ, ಒಳ್ಳೆಯ ಕಣ್ಣಿನ ಮಾತನ್ನಷ್ಟೇ ಕೇಳುತ್ತದೆ. ವರ್ಷಗಳು ಕಳೆದಂತೆ ತಳ್ಳಲ್ಪಟ್ಟ ಕಣ್ಣು ನೋಡುವುದನ್ನು ಕಲಿಯದೇ ಉಳಿಯುತ್ತದೆ. ಆಮೇಲೆ ಎಂಥ ಕನ್ನಡಕ ಕೊಟ್ಟರೂ ಪೂರ್ಣ ದೃಷ್ಟಿ ಬರುವುದಿಲ್ಲ. ಇದೇ 'ಸೋಮಾರಿ ಕಣ್ಣು'. ನೂರು ಮಕ್ಕಳಲ್ಲಿ ಎರಡು ಮೂರು ಮಂದಿಗೆ ಇದು ಇರಬಹುದೆಂಬುದು ಸಾಮಾನ್ಯ ಅಂದಾಜು.

ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಮೇಲೆ ನಡೆಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಮರಿಯ ಒಂದು ಕಣ್ಣನ್ನು ಮೊದಲ ಕೆಲವು ತಿಂಗಳು ಮುಚ್ಚಿಟ್ಟು ನಂತರ ತೆರೆದಾಗ, ಕಣ್ಣು ಚೆನ್ನಾಗಿಯೇ ಇತ್ತು. ಆದರೆ ಮಿದುಳು ಆ ಕಣ್ಣಿನಿಂದ ನೋಡಲಾರದೆ ಹೋಯಿತು. ದೊಡ್ಡ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿಟ್ಟರೂ ಹೀಗಾಗಲಿಲ್ಲ. ನೋಟ ಕಲಿಯಲು ಒಂದು ಹಂಗಾಮು ಇದೆ. ಅದು ಕಳೆದರೆ ಬಿತ್ತಿದ್ದು ಸರಿಯಾಗಿ ಮೊಳೆಯದು ಎಂಬುದು ಇದರ ಪಾಠ. ಅವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ಬಂತು. ಮಗುವಿನಲ್ಲಿ ಆಳದ ನೋಟ ಮೂರರಿಂದ ಐದು ತಿಂಗಳಿಗೇ ಮೊಳಕೆಯೊಡೆದು ಬಾಲ್ಯದುದ್ದಕ್ಕೂ ಬಲಿಯುತ್ತದೆ. ಸೋಮಾರಿ ಕಣ್ಣಿನ ಚಿಕಿತ್ಸೆಗೆ ಏಳು ವರ್ಷದ ಒಳಗಿನ ಕಾಲ ಅತ್ಯುತ್ತಮ. ನಂತರವೂ ಹದಿಹರೆಯದವರೆಗೆ ಸ್ವಲ್ಪ ಗುಣ ಸಿಗಬಹುದು, ಆದರೆ ಅದರ ಪ್ರಮಾಣ ಇಳಿಯುತ್ತ ಹೋಗುತ್ತದೆ.

ಕಷ್ಟವೆಂದರೆ, ಈ ಮಗು ದೂರು ಹೇಳುವುದಿಲ್ಲ. ಒಂದು ಕಣ್ಣು ಚೆನ್ನಾಗಿರುವುದರಿಂದ ಬೋರ್ಡು ಓದುತ್ತದೆ, ಸೈಕಲ್ ಬಿಡುತ್ತದೆ, ಟಿವಿ ನೋಡುತ್ತದೆ. ಲೋಕ ಎಲ್ಲರಿಗೂ ಹೀಗೇ ಕಾಣುತ್ತದೆಂದು ನಂಬಿರುತ್ತದೆ. ಎರಡೂ ಕಣ್ಣು ಒಟ್ಟಿಗೆ ದುಡಿಯಲೇಬೇಕಾದ ಒಂದು ಪರೀಕ್ಷೆ ಎದುರಾದಾಗ ಮಾತ್ರ ಗುಟ್ಟು ಬಯಲಾಗುತ್ತದೆ. ತ್ರೀ-ಡಿ ಸಿನಿಮಾ ಅಂಥದೊಂದು ಪರೀಕ್ಷೆ.

ಅಚ್ಚರಿಯೆಂದರೆ ನೇತ್ರತಜ್ಞರೂ ಇದೇ ಕನ್ನಡಕ ಬಳಸುತ್ತಾರೆ. 'ಟಿಟ್ಮಸ್' ಎಂಬ ಪರೀಕ್ಷೆಯಲ್ಲಿ ಮಗುವಿಗೆ ಪೋಲರೈಸ್ಡ್ ಕನ್ನಡಕ ಹಾಕಿ ಪುಸ್ತಕದಲ್ಲಿ ದೊಡ್ಡದೊಂದು ನೊಣದ ಚಿತ್ರ ತೋರಿಸಿ, "ರೆಕ್ಕೆ ಹಿಡಿ ನೋಡುವ" ಎನ್ನುತ್ತಾರೆ. ಆಳದ ನೋಟವಿರುವ ಮಗು ಪುಟದ ಮೇಲೆ ಗಾಳಿಯಲ್ಲೇ ರೆಕ್ಕೆ ಚಿವುಟಲು ಹೋಗುತ್ತದೆ. ಇಲ್ಲದ ಮಗುವಿನ ಬೆರಳು ನೇರ ಕಾಗದಕ್ಕೆ ತಾಗುತ್ತದೆ. 'ಟಿ.ಎನ್.ಓ.' ಎಂಬ ಇನ್ನೊಂದು ಪರೀಕ್ಷೆಗೆ ಕೆಂಪು-ಹಸಿರು ಕನ್ನಡಕ.

2012ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗ ಪ್ರಸಿದ್ಧ. ಬಾಲ್ಯದಿಂದ ಎರಡು ಕಣ್ಣುಗಳ ಹೊಂದಾಣಿಕೆ ಇಲ್ಲದ, 67 ವರ್ಷದ ಮನಶ್ಶಾಸ್ತ್ರ ಪ್ರಾಧ್ಯಾಪಕ ಬ್ರೂಸ್ ಬ್ರಿಜ್‌ಮನ್ 'ಹ್ಯೂಗೋ' ಎಂಬ ತ್ರೀ-ಡಿ ಚಿತ್ರಕ್ಕೆ ಹೋದರು. ತನಗೆ ಉಪಯೋಗವಿಲ್ಲವೆಂದೇ ಕನ್ನಡಕ ಹಾಕಿಕೊಂಡರು. ಪರದೆಯಿಂದ ಪಾತ್ರಗಳು ಎದ್ದು ಬಂದವು. ಹೊರಗೆ ಬಂದರೆ ಬೀದಿಯ ದೀಪದ ಕಂಬವೂ ಹಿನ್ನೆಲೆಯಿಂದ ಬೇರೆಯಾಗಿ ನಿಂತಿತ್ತು! ಇದು ಅಪರೂಪದಲ್ಲಿ ಅಪರೂಪ. ಸಿನಿಮಾ ಚಿಕಿತ್ಸೆಯಲ್ಲ. ಆದರೆ ಮನುಷ್ಯ ಅರುವತ್ತು ವರ್ಷ ಏನನ್ನು ಕಳೆದುಕೊಂಡಿದ್ದನೆಂದು ತನಗೇ ತಿಳಿಯದೆ ಇರಬಹುದು ಎಂಬುದಕ್ಕೆ ಸಾಕ್ಷಿ.

ಆಳದ ನೋಟ ಇಲ್ಲದವರ ಬದುಕು ಮುಗಿಯಿತೆಂದೂ ತಿಳಿಯಬೇಕಿಲ್ಲ. 1961ರಲ್ಲಿ ಕಾರು ಅಪಘಾತದಲ್ಲಿ ಬಲಗಣ್ಣಿಗೆ ಪೆಟ್ಟಾದ ಮನ್ಸೂರ್ ಅಲಿ ಖಾನ್ ಪಟೌಡಿ, ಮರುವರ್ಷವೇ 21ರ ಹರೆಯದಲ್ಲಿ ಭಾರತ ಕ್ರಿಕೆಟ್ ತಂಡದ ನಾಯಕರಾದರು. ನೆರಳು, ಗಾತ್ರ, ಚಲನೆಗಳಿಂದಲೂ ಮಿದುಳು ದೂರವನ್ನು ಅಂದಾಜಿಸಬಲ್ಲದು. ಆದರೆ ಅಪಘಾತ ತಪ್ಪಿಸಲಾಗದ್ದು, ಸೋಮಾರಿ ಕಣ್ಣು ಹೆಚ್ಚಿನ ಮಕ್ಕಳಲ್ಲಿ ಸಕಾಲಕ್ಕೆ ಸರಿಪಡಿಸಬಹುದಾದದ್ದು. ಅದೇ ವ್ಯತ್ಯಾಸ.

ಹೆತ್ತವರು ಏನು ಮಾಡಬಹುದು?

ಮನೆಯಲ್ಲೇ ಸುಲಭವಾಗಿ ಗಮನಿಸಬಹುದಾದ ಕೆಲವು ಸಂಗತಿಗಳಿವೆ. ಮಗುವಿನ ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ, ಹತ್ತು ಅಡಿ ದೂರದ ಕ್ಯಾಲೆಂಡರಿನ ಅಂಕೆ ಓದಿಸಿ. ಮತ್ತೆ ಇನ್ನೊಂದು ಕಣ್ಣು. ಎರಡರಲ್ಲಿ ವ್ಯತ್ಯಾಸ ಕಂಡರೆ, ಅಥವಾ ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ರಂಪ ಮಾಡಿದರೆ, ತಡಮಾಡಬೇಡಿ. ತಲೆ ಓರೆ ಮಾಡಿ ನೋಡುವುದು, ಬಿಸಿಲಿಗೆ ಒಂದೇ ಕಣ್ಣು ಮುಚ್ಚುವುದು, ಫೋಟೋದಲ್ಲಿ ಒಂದು ಕಣ್ಣು ಬೇರೆ ಕಡೆ ತಿರುಗಿರುವುದು, ಲೋಟಕ್ಕೆ ನೀರು ಎರೆಯುವಾಗ ಪದೇ ಪದೇ ಹೊರಗೆ ಚೆಲ್ಲುವುದು ಇವೂ ಸೂಚನೆಗಳೇ. ತ್ರೀ-ಡಿ ಚಿತ್ರದಲ್ಲಿ ಆಳ ಕಾಣದಿರುವುದು ಈ ಪಟ್ಟಿಗೆ ಸೇರುವ ಇನ್ನೊಂದು ಸೂಚನೆ. ಇವು ಯಾವುವೂ ರೋಗನಿರ್ಣಯವಲ್ಲ, ವೈದ್ಯರ ಬಳಿಗೆ ಹೋಗಲು ಕಾರಣಗಳು ಮಾತ್ರ.

ಹೋಗುವುದೆಲ್ಲಿಗೆ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಸರಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕು. ಅವರು ನೋಡುವ ದೋಷಗಳ ಪಟ್ಟಿಯಲ್ಲಿ ದೃಷ್ಟಿದೋಷವೂ ಇದೆ. ತಪಾಸಣೆಯ ದಿನ ಮಗುವಿಗೆ ರಜೆ ಮಾಡಿಸಬೇಡಿ. ಒಂದೊಂದು ಕಣ್ಣನ್ನೂ ಪ್ರತ್ಯೇಕವಾಗಿ ನೋಡಿದರೇ ಎಂದು ಶಿಕ್ಷಕರಲ್ಲಿ ಕೇಳಿ. ಪುತ್ತೂರು ಮತ್ತು ಸುಳ್ಯದಲ್ಲಿ ತಾಲೂಕು ಆಸ್ಪತ್ರೆಗಳಿವೆ, ಸುಳ್ಯದಲ್ಲಿ ಕೆ.ವಿ.ಜಿ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯೂ ಇದೆ. ಈ ಎರಡು ತಾಲೂಕುಗಳ ಗ್ರಾಮಗಳಿಂದಲೇ ರೂಪುಗೊಂಡ ಕಡಬದವರು ಮೊದಲು ತಮ್ಮೂರಿನ ಸರಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ನೇತ್ರತಜ್ಞರಿರುವಲ್ಲಿಗೆ ಚೀಟಿ ಪಡೆಯಬಹುದು. ಮಗುವಿಗೆ ದೂರು ಇಲ್ಲದಿದ್ದರೂ ಒಂದನೇ ತರಗತಿಗೆ ಸೇರಿಸುವ ಮೊದಲು ಒಂದು ಪೂರ್ಣ ಕಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯ ರೂಢಿ.

ಚಿಕಿತ್ಸೆ ಹೆಚ್ಚಾಗಿ ಸರಳ. ತಕ್ಕ ಕನ್ನಡಕ, ಜೊತೆಗೆ ದಿನಕ್ಕೆ ವೈದ್ಯರು ಹೇಳಿದಷ್ಟು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ. ಒಳ್ಳೆಯದನ್ನು ಮುಚ್ಚಿದಾಗ ಸೋಮಾರಿ ಕಣ್ಣು ಅನಿವಾರ್ಯವಾಗಿ ದುಡಿಯುತ್ತದೆ. ಮೆಳ್ಳೆಗಣ್ಣು ಇದ್ದರೆ ಶಸ್ತ್ರಚಿಕಿತ್ಸೆ ಬೇಕಾದೀತು. ಕಷ್ಟ ಇರುವುದು ಔಷಧದಲ್ಲಲ್ಲ, ತಿಂಗಳುಗಟ್ಟಲೆ ಬಿಡದೆ ನಡೆಸುವುದರಲ್ಲಿ. ಪಟ್ಟಿ ಕಟ್ಟಿದ ಮಗುವನ್ನು ಸಹಪಾಠಿಗಳು ಗೇಲಿ ಮಾಡುತ್ತಾರೆ. ಶಿಕ್ಷಕರು ತರಗತಿಗೆ ಒಂದು ಮಾತು ತಿಳಿಹೇಳಿದರೆ ಅರ್ಧ ಚಿಕಿತ್ಸೆ ಮುಗಿದಂತೆ.

ಇನ್ನು ಮನೆಯೊಳಗಿನ ಅಡ್ಡಿಗಳು. "ಮೆಳ್ಳೆಗಣ್ಣು ಅದೃಷ್ಟ", "ದೊಡ್ಡವನಾದಾಗ ತಾನೇ ಸರಿಯಾದೀತು", "ಈಗಲೇ ಕನ್ನಡಕ ಹಾಕಿದರೆ ನಂಬರ್ ಏರುತ್ತದೆ", "ಹೆಣ್ಣುಮಗಳಿಗೆ ಕನ್ನಡಕವೇ? ನಾಳೆ ಸಂಬಂಧ ಬರಬೇಡವೇ?" ಇಂಥ ಮಾತುಗಳಿಗೆ ಕಿವಿಗೊಟ್ಟು ಕಳೆದ ವರ್ಷಗಳು ಮತ್ತೆ ಸಿಗುವುದಿಲ್ಲ. ಸರಿಯಾದ ಕನ್ನಡಕ ಹಾಕಿದ್ದರಿಂದ ನಂಬರ್ ಏರುವುದಿಲ್ಲ. ಮದುವೆಯ ಹೊತ್ತಿಗೆ ಕನ್ನಡಕ ಬದಲಿಸಬಹುದು, ಕಲಿಯದೆ ಉಳಿದ ಕಣ್ಣನ್ನು ಬದಲಿಸಲಾಗದು.

ರಜೆ ಮುಗಿದು ಶಾಲೆ ಶುರುವಾಗುವ ಮೊದಲು ಆ ಕಡಬದ ಅಪ್ಪ ಮಗನ ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರ್ ಓದಿಸಿದರೆ, ಸಿನಿಮಾದ ಟಿಕೆಟಿನ ಹಣ ವ್ಯರ್ಥವಾಗಲಿಲ್ಲ. ಹಕ್ಕಿ ಕಾಣಲಿಲ್ಲ ಎಂದ ಹುಡುಗ ತಂಟೆ ಮಾಡಿದ್ದಲ್ಲ. ತನಗೆ ತಿಳಿದ ಮಾತಿನಲ್ಲಿ ತನ್ನ ಕಣ್ಣಿನ ಸುದ್ದಿ ಹೇಳಿದ್ದ.